ಕಾಗದದಲ್ಲಿ ಚಳಿಗಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪುಟ್ಟ ಮಕ್ಕಳೊಂದಿಗೆ ಚಳಿಗಾಲದ ಕಾಗದದ ಕೆಲಸಗಳನ್ನು ಮಾಡಹೊರಟ ತಂದೆತಾಯಿಯರೂ ಶಿಕ್ಷಕಿಯರೂ ಬರೆದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪ್ರಶ್ನೆಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರನ್ನು ಅವರ ಇಚ್ಛೆಯಂತೆ ಕೈಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಮೂರೂವರೆ ವರ್ಷ. ಬಿಳಿ ಹಾಳೆಯನ್ನು ಮಡಿಸಿ ಹಿಮದ ಹರಳು ಕತ್ತರಿಸುವುದನ್ನು ಹೇಳಿಕೊಡಲು ಕುಳಿತೆ. ಐದು ನಿಮಿಷವೂ ಆಗಿರಲಿಲ್ಲ, ಕತ್ತರಿ ಎಸೆದು ಅತ್ತುಬಿಟ್ಟಳು. ಅವಳಿಗೆ ಆಸಕ್ತಿಯೇ ಇಲ್ಲವೋ, ನಾನು ಹೇಳಿಕೊಟ್ಟ ರೀತಿಯೇ ತಪ್ಪೋ ತಿಳಿಯುತ್ತಿಲ್ಲ.

ಉತ್ತರ: ತಪ್ಪು ನಿಮ್ಮದೂ ಅಲ್ಲ, ಮಗಳದೂ ಅಲ್ಲ; ಮಡಿಸಿದ ಹಾಳೆಯದು. ಮುದ್ರಣಕ್ಕೆ ಬಳಸುವ ಸಾಮಾನ್ಯ 80 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆಯ ದಪ್ಪ ಹೆಚ್ಚುಕಡಿಮೆ 0.1 ಮಿಲಿಮೀಟರ್. ಹಿಮದ ಹರಳಿಗಾಗಿ ಅದನ್ನು ಮಡಿಸುತ್ತ ಹೋದಾಗ ಹನ್ನೆರಡು ಪದರಗಳಾಗುತ್ತವೆ, ಅಂದರೆ 1 ಮಿಲಿಮೀಟರಿಗೂ ಮೀರಿದ ದಪ್ಪ. ಅದು ಕಾಗದವಾಗಿ ಉಳಿದಿರುವುದಿಲ್ಲ, ರಟ್ಟೇ ಆಗಿರುತ್ತದೆ. ಮೊಂಡು ತುದಿಯ ಪುಟ್ಟ ಕತ್ತರಿಯಿಂದ ಅದನ್ನು ಕತ್ತರಿಸಲು ನಿಮಗೇ ಕಷ್ಟವಾಗುತ್ತದೆ. ಮೂರೂವರೆ ವರ್ಷದ ಬೆರಳುಗಳಿಗೆ ಕತ್ತರಿಯ ಬಾಯನ್ನು ತೆರೆಯುವುದು ಮತ್ತು ಮುಚ್ಚುವುದೇ ಒಂದು ದೊಡ್ಡ ಕೆಲಸ. ಮುಚ್ಚಿದ ಮೇಲೂ ಕಾಗದ ತುಂಡಾಗದೆ ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಬಿದ್ದರೆ ಅಳು ಬಾರದೆ ಇನ್ನೇನಾದೀತು?

ಈ ವಯಸ್ಸಿನ ಮಗುವಿಗೆ ಒಪ್ಪುವುದು ಒಂದೇ ಕಚ್ಚಿನ ಕೆಲಸ. ಹಾಳೆಯನ್ನು ಎರಡು ಸೆಂಟಿಮೀಟರ್ ಅಗಲದ ಉದ್ದ ಪಟ್ಟಿಗಳಾಗಿ ನೀವೇ ಸೀಳಿಕೊಡಿ. ಕತ್ತರಿಯ ಬಾಯನ್ನು ಒಮ್ಮೆ ಮುಚ್ಚಿದರೆ ಆ ಪಟ್ಟಿ ಪೂರ್ತಿ ತುಂಡಾಗುತ್ತದೆ, ತುಂಡು ಚಟ್ಟನೆ ಮೇಜಿನ ಮೇಲೆ ಬೀಳುತ್ತದೆ, ಮಗುವಿಗೆ ತಾನು ಮಾಡಿದ್ದೇನೆಂಬುದು ಆ ಕ್ಷಣವೇ ಕಾಣುತ್ತದೆ. ಮುಂದಕ್ಕೆ ಕತ್ತರಿಸುತ್ತ ಸಾಗುವುದು, ಗೆರೆಯ ಮೇಲೆ ನಿಲ್ಲುವುದು ಆಮೇಲಿನ ಮಾತು. ತಿರುವುಗಳನ್ನು ಕತ್ತರಿಸುವುದಂತೂ ಬಹಳಷ್ಟು ಮಕ್ಕಳಿಗೆ ಐದು ತುಂಬಿದ ಮೇಲೆಯೇ ಹಿಡಿತಕ್ಕೆ ಬರುತ್ತದೆ. ಕಚ್ಚಿಟ್ಟ ತುಂಡುಗಳನ್ನೆಲ್ಲ ಒಂದು ಬಟ್ಟಲಿನಲ್ಲಿ ಕೂಡಿಸಿ, ಕಡುನೀಲಿ ಹಾಳೆಗೆ ಅಂಟು ಹಚ್ಚಿ, ಅದರ ಮೇಲೆ ಮಗಳೇ ಅವನ್ನು ಉದುರಿಸಲಿ. ನೀಲಿ ಆಕಾಶದಿಂದ ಹಿಮ ಸುರಿಯುವ ಚಿತ್ರ ಸಿದ್ಧವಾಗುತ್ತದೆ, ಅದರಲ್ಲಿನ ಒಂದೊಂದು ಚೂರೂ ಅವಳ ಕೈಯದೇ ಆಗಿರುತ್ತದೆ.

ಕತ್ತರಿ ಬೇಡವೆಂದು ಅವಳು ಇನ್ನೂ ಮುನಿಸಿಕೊಂಡಿದ್ದರೆ ಹರಿಯುವ ಕೆಲಸ ಕೊಡಿ. ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಎದುರುಬದುರಾಗಿ ಎಳೆಯುವ ಈ ಕೆಲಸ ಪೆನ್ಸಿಲ್ ಹಿಡಿಯಲು ಬೇಕಾದ ಬಲವನ್ನೇ ಬೆಳೆಸುತ್ತದೆ. ಕಾಗದದ ನಾರುಗಳು ಹೆಚ್ಚಾಗಿ ಒಂದು ದಿಕ್ಕಿಗೆ ಮಲಗಿರುವುದರಿಂದ, ಆ ದಿಕ್ಕಿನಲ್ಲಿ ಹರಿದರೆ ಹಾಳೆ ನೇರವಾಗಿ ಸೀಳುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕಾಗುತ್ತದೆ. ಹಳೆಯ ವೃತ್ತಪತ್ರಿಕೆಯೊಂದನ್ನು ಎರಡೂ ಕಡೆಯಿಂದ ಹರಿದು ಮಗುವಿಗೆ ತೋರಿಸಿ. ನೇರ ಸೀಳು ನದಿಗೆ, ಅಂಕುಡೊಂಕು ಸೀಳು ಬೆಟ್ಟಕ್ಕೆ ಎಂದು ಮಕ್ಕಳೇ ಹಂಚಿಕೊಳ್ಳುತ್ತಾರೆ. ಒಂದೇ ಬದಿಗೆ ಬಣ್ಣವಿರುವ ಹಾಳೆಯನ್ನು ಹರಿದಾಗ ಅಂಚಿನಲ್ಲಿ ಒಳಗಿನ ಬಿಳಿ ನಾರು ಇಣುಕುತ್ತದೆ. ಬೆಟ್ಟದ ನೆತ್ತಿಯ ಹಿಮವನ್ನು ಅದಕ್ಕಿಂತ ಸೊಗಸಾಗಿ ಯಾವ ಕತ್ತರಿಯೂ ಮಾಡಿಕೊಡಲಾರದು.

ಇನ್ನೊಂದನ್ನು ನೀವು ನಾಳೆಯೇ ಮಾಡಿ ನೋಡಬೇಕೆಂದು ನನ್ನ ಆಸೆ. ಸ್ವಲ್ಪ ದಪ್ಪನೆಯ ಬಿಳಿ ಹಾಳೆಯ ಮೇಲೆ ಬಿಳಿಯ ಮೇಣದ ಬಳಪದಿಂದ ಒತ್ತಿ ಒತ್ತಿ ಚುಕ್ಕೆಗಳನ್ನೂ ಗೆರೆಗಳನ್ನೂ ಎಳೆಯಲು ಮಗಳಿಗೆ ಹೇಳಿ. ಏನೂ ಕಾಣುವುದಿಲ್ಲ, ಅವಳು ಹಾಳೆಯನ್ನು ಓರೆಯಾಗಿ ಹಿಡಿದು ಹುಡುಕುತ್ತಾಳೆ. ಆಮೇಲೆ ನೀಲಿ ಜಲವರ್ಣವನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಅಗಲವಾದ ಕುಂಚದಿಂದ ಹಾಳೆಯ ಈ ತುದಿಯಿಂದ ಆ ತುದಿಗೆ ಬಳಿಯಲಿ. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ. ಕುಂಚ ಹಾದುಹೋದಂತೆ ನೀಲಿಯ ನಡುವಿನಿಂದ ಬಿಳಿ ಚುಕ್ಕೆಗಳು ಒಂದೊಂದಾಗಿ ಎದ್ದುಬರುತ್ತವೆ, ಮೇಣದ ಮೇಲೆ ನಿಂತ ನೀಲಿ ಹನಿಗಳು ಉರುಟಾಗಿ ಅತ್ತಿತ್ತ ಜಾರುತ್ತವೆ. ಆ ಗಳಿಗೆಯಲ್ಲಿ ಮಗುವಿನ ಮುಖ ನೋಡಿದವರು ಆಸಕ್ತಿಯ ಬಗ್ಗೆ ಮತ್ತೆ ಸಂದೇಹಪಡುವುದಿಲ್ಲ.

ಪ್ರಶ್ನೆ: ನಾನು ಶಿಶುವಿಹಾರದ ಶಿಕ್ಷಕಿ. ಐದಾರು ವರ್ಷದ ಮಕ್ಕಳಿಗೆ ಕಾಗದದ ಹಿಮದ ಹರಳು ಮಾಡಿಸಿದಾಗ ಎಂಟು ತೋಳುಗಳು ಬಂದವು. ಒಬ್ಬ ಹುಡುಗ ಎದ್ದು, ‘ನಮ್ಮ ಮನೆಯ ಪುಸ್ತಕದಲ್ಲಿ ಆರೇ ಇವೆ’ ಎಂದ. ಅವನು ಹೇಳಿದ್ದು ಸರಿಯೇ? ಸರಿಯಾದರೆ ಆರು ತೋಳು ಬರುವಂತೆ ಮಡಿಸುವುದು ಹೇಗೆ?

ಉತ್ತರ: ಆ ಹುಡುಗ ಹೇಳಿದ್ದೇ ಸರಿ, ಮತ್ತು ಅದನ್ನು ತರಗತಿಯಲ್ಲಿ ಎಲ್ಲರೆದುರು ಅವನಿಗೆ ಹೇಳಬೇಕೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಮೂಲೆಯ ಜೇನುಗೂಡಿನಂಥ ಜೋಡಣೆಯಲ್ಲಿ ಕೂರುತ್ತವೆ. ಹರಳು ಬೆಳೆಯುತ್ತ ಹೋದರೂ ಆ ಆರರ ಲೆಕ್ಕ ತಪ್ಪುವುದಿಲ್ಲ. ಎರಡು ಹರಳುಗಳು ಜೋಡಿಯಾಗಿ ಬೆಳೆದಾಗ ಹನ್ನೆರಡು ತೋಳಿನವು ಅಪರೂಪಕ್ಕೆ ಕಾಣಸಿಗುತ್ತವೆ, ಎಂಟು ತೋಳಿನವು ಮಾತ್ರ ಇಲ್ಲ. ಹಿಮಕ್ಕೆ ಆರೇ ಮೂಲೆ ಏಕೆ ಎಂಬ ಪ್ರಶ್ನೆಯನ್ನು ಖಗೋಳ ವಿಜ್ಞಾನಿ ಯೋಹಾನ್ಸ್ ಕೆಪ್ಲರ್ 1611ರಲ್ಲಿಯೇ ಎತ್ತಿ, ಅದಕ್ಕೆಂದೇ ಒಂದು ಕಿರುಗ್ರಂಥ ಬರೆದ. ಅಣುಗಳ ಜೋಡಣೆಯನ್ನು ಕಾಣುವ ಉಪಕರಣ ಆಗ ಇರಲಿಲ್ಲವಾದ್ದರಿಂದ ಉತ್ತರ ಅವನ ಕೈಗೆ ಪೂರ್ತಿಯಾಗಿ ಸಿಗಲಿಲ್ಲ. ನಿಮ್ಮ ತರಗತಿಯ ಹುಡುಗ ಎಣಿಸಿದಂತೆಯೇ ಅವನೂ ಎಣಿಸಿದ್ದ ಎಂಬುದನ್ನು ಮಕ್ಕಳಿಗೆ ಹೇಳಬಹುದು.

ನಿಮಗೆ ಎಂಟು ಬಂದದ್ದು ಅರ್ಧಕ್ಕೆ ಅರ್ಧ ಮಡಿಸಿದ್ದರಿಂದ. ಎಷ್ಟು ಬಾರಿ ಅರ್ಧ ಮಾಡಿದರೂ ನಾಲ್ಕು, ಎಂಟು, ಹದಿನಾರು ಎಂದೇ ಸಾಗುತ್ತದೆ. ಆರು ಬರಬೇಕಾದರೆ ನಡುವೆ ಎಲ್ಲಾದರೂ ಒಮ್ಮೆ ಮೂರು ಪಾಲು ಮಾಡಲೇಬೇಕು. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ ಇರುತ್ತದೆ. ಅದರಿಂದ 210 ಮಿಲಿಮೀಟರಿನ ಚೌಕವನ್ನು ತೆಗೆದುಕೊಳ್ಳಿ. ಉಳಿದ ಪಟ್ಟಿ ಮೇಲೆ ಹೇಳಿದ ಕಚ್ಚುವ ಕೆಲಸಕ್ಕೆ ಚಿಕ್ಕವರಿಗೆ ಬೇಕಾಗುತ್ತದೆ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನವಾಗುತ್ತದೆ. ಮಡಿಕೆಯಿರುವ ಉದ್ದನೆಯ ಬದಿಯನ್ನು ನಿಮ್ಮ ಕಡೆಗೆ ತಿರುಗಿಸಿಟ್ಟುಕೊಂಡು ಆ ಬದಿಯ ನಟ್ಟನಡುವೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡಿ. ಆ ಚುಕ್ಕೆಯನ್ನೇ ಕೀಲಾಗಿಟ್ಟುಕೊಂಡು ಬಲಮೂಲೆಯನ್ನು ಎತ್ತಿ ಎಡಕ್ಕೆ ಓರೆಯಾಗಿ ತನ್ನಿ, ಎಡಮೂಲೆಯನ್ನು ಅದರ ಮೇಲೆ ಬಲಕ್ಕೆ ಓರೆಯಾಗಿ ತನ್ನಿ. ಎರಡೂ ಕಡೆಯ ಅಂಚುಗಳು ಒಂದರ ಮೇಲೊಂದು ಕೂರುವವರೆಗೆ ಒತ್ತದೆ, ಸಡಿಲವಾಗಿಯೇ ಸರಿಸಾಡಿ. ಕೂತ ಮೇಲೆ ಮಾತ್ರ ಉಗುರಿನಿಂದ ತೀಡಿ. ಆಗ ಪ್ರತಿ ಪಾಲೂ 60 ಡಿಗ್ರಿಯದಾಗಿರುತ್ತದೆ, ಕೋನಮಾಪಕ ಬೇಕಾಗುವುದಿಲ್ಲ. ಮೇಲೆ ಎರಡು ಬಾಲಗಳು ಚಾಚಿಕೊಂಡಿರುತ್ತವೆ; ಅವುಗಳ ಕೆಳಗೆ, ಎರಡೂ ಅಂಚುಗಳು ಸಮ ಉದ್ದ ಉಳಿಯುವಂತೆ, ಅಡ್ಡಕ್ಕೆ ನೇರವಾಗಿ ಕತ್ತರಿಸಿದರೆ ಬಿಡಿಸಿದಾಗ ಆರು ಬದಿಯ ಹಾಳೆ ಸಿಗುತ್ತದೆ.

ಇಲ್ಲಿಗೆ ಆರು ಪದರಗಳಾದವು. ದೊಡ್ಡವರು ಇದನ್ನು ಇನ್ನೊಮ್ಮೆ ಅರ್ಧ ಮಡಿಸಿ ಹನ್ನೆರಡು ಮಾಡಿ ಕತ್ತರಿಸುತ್ತಾರೆ. ನಿಮ್ಮ ಮಕ್ಕಳಿಗೆ ಆರರಲ್ಲೇ ನಿಲ್ಲಿಸಿ. ಒಂದು ಅಂಚಿನಲ್ಲಿ ಮಾತ್ರ ಕಚ್ಚು ಹಾಕಿದರೆ ಬಿಡಿಸಿದಾಗ ಅದು ಮೂರೇ ಕಡೆ ಕಾಣುತ್ತದೆ. ಎದುರಿನ ಅಂಚಿನಲ್ಲಿಯೂ ಅದೇ ಎತ್ತರಕ್ಕೆ ಅಂಥದೇ ಕಚ್ಚು ಹಾಕಿದರೆ ಆರು ಆಗುತ್ತದೆ. ‘ಈ ಕಡೆ ಮಾಡಿದ್ದನ್ನು ಆ ಕಡೆಯೂ ಮಾಡೋಣ’ ಎಂದಷ್ಟೇ ಹೇಳಿದರೆ ಸಾಕು, ಐದು ವರ್ಷದವರು ಚೆನ್ನಾಗಿ ಮಾಡುತ್ತಾರೆ. ಸಾಧ್ಯವಾದರೆ ಗಾಳಿಪಟದ ಕಾಗದದಂಥ ತೆಳು ಹಾಳೆಯನ್ನು ಆರಿಸಿ. ಮಡಿಸುವ ಕೆಲಸ ನಿಮ್ಮದೇ ಇರಲಿ. ಕತ್ತರಿಸುವುದೂ ಬಿಡಿಸುವುದೂ ಅವರದು. ಬಿಡಿಸುವುದನ್ನಂತೂ ದಯವಿಟ್ಟು ಯಾವ ಮಗುವಿನಿಂದಲೂ ಕಸಿದುಕೊಳ್ಳಬೇಡಿ, ಕಾಗದ ಒಂದೆರಡು ಕಡೆ ಹರಿದರೂ ಚಿಂತೆಯಿಲ್ಲ.

ಮಕ್ಕಳಿಗೆ ಹೇಳಲು ಇನ್ನೊಂದು ಸಂಗತಿ ಇದೆ. ಅಮೆರಿಕದ ವರ್ಮಾಂಟ್ ರಾಜ್ಯದ ವಿಲ್ಸನ್ ಬೆಂಟ್ಲಿ ಎಂಬ ರೈತ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದೇ ಒಂದು ಹಿಮದ ಹರಳಿನ ಚಿತ್ರ ತೆಗೆದ, ಮತ್ತು 1931ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಂಥ 5000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಿದ್ದ. ಒಂದರಂತೆ ಇನ್ನೊಂದು ಅವನಿಗೆ ಸಿಗಲಿಲ್ಲ. ಜಪಾನಿನ ಉಕಿಚಿರೊ ನಕಾಯಾ 1936ರಲ್ಲಿ ಪ್ರಯೋಗಾಲಯದೊಳಗೆ ಮೊಲದ ಕೂದಲಿನ ತುದಿಯಲ್ಲಿ ಮೊದಲ ಕೃತಕ ಹಿಮದ ಹರಳನ್ನು ಬೆಳೆಸಿದ. ಚಳಿ ಮತ್ತು ತೇವ ಎಷ್ಟಿವೆಯೋ ಅದಕ್ಕೆ ತಕ್ಕಂತೆ ಹರಳಿನ ರೂಪ ಬದಲಾಗುತ್ತದೆಂದು ತೋರಿಸಿದವನೂ ಅವನೇ. ಸೊನ್ನೆಗಿಂತ ಸುಮಾರು 15 ಡಿಗ್ರಿ ಕೆಳಗೆ ಗರಿಗರಿಯಾದ ತೋಳುಗಳು ಬೆಳೆದರೆ, 5 ಡಿಗ್ರಿ ಕೆಳಗೆ ಸೂಜಿಯಂಥ ಕಡ್ಡಿಗಳಾಗುತ್ತವೆ. ಆದ್ದರಿಂದ ಬರೀ ಕಡ್ಡಿಯಂತೆ ಪಟ್ಟಿ ಕತ್ತರಿಸಿಟ್ಟ ಮಗುವಿನ ಹಾಳೆಯೂ ಹಿಮವೇ. ಅದನ್ನೂ ಗೋಡೆಗೆ ಹಚ್ಚಿ.

ಪ್ರಶ್ನೆ: ನನ್ನ ಮಗ ಎಡಗೈ ಬಳಸುತ್ತಾನೆ. ಅಕ್ಕನ ಕತ್ತರಿಯಲ್ಲಿ ಅವನಿಗೆ ಕಾಗದ ತುಂಡಾಗುವುದಿಲ್ಲ. ಕೈ ಬದಲಿಸಲು ಹೇಳಬೇಕೇ?

ಉತ್ತರ: ಖಂಡಿತ ಬೇಡ. ಸಾಮಾನ್ಯ ಕತ್ತರಿಯ ಅಲಗುಗಳನ್ನು ಬಲಗೈಯ ಹಿಡಿತಕ್ಕೆಂದೇ ಜೋಡಿಸಿರುತ್ತಾರೆ. ಬಲಗೈಯಲ್ಲಿ ಹಿಡಿದಾಗ ಹೆಬ್ಬೆರಳಿನ ಒತ್ತಡ ಎರಡು ಅಲಗುಗಳನ್ನು ಒಂದಕ್ಕೊಂದು ಅಮುಕುತ್ತದೆ. ಎಡಗೈಯಲ್ಲಿ ಹಿಡಿದರೆ ಅದೇ ಒತ್ತಡ ಅವನ್ನು ದೂರ ತಳ್ಳುತ್ತದೆ. ಹಾಗಾಗಿ ಕಾಗದ ತುಂಡಾಗದೆ ನಡುವೆ ಮಡಚಿಕೊಳ್ಳುತ್ತದೆ, ಮೇಲಿನ ಅಲಗು ಗೆರೆಯನ್ನೂ ಮರೆಮಾಡುತ್ತದೆ. ಎಡಗೈಯವರಿಗೆಂದೇ ಅಲಗುಗಳನ್ನು ಅದಲುಬದಲು ಜೋಡಿಸಿದ ಕತ್ತರಿ ಸಿಗುತ್ತದೆ, ಅದನ್ನೇ ಕೊಡಿಸಿ. ಹಿಡಿಕೆ ಮಾತ್ರ ಬದಲಾಗಿ ಅಲಗು ಹಾಗೆಯೇ ಇರುವ ಕತ್ತರಿಯಿಂದ ಪ್ರಯೋಜನವಿಲ್ಲ. ಕೈ ಯಾವುದೇ ಇರಲಿ, ಹೆಬ್ಬೆರಳು ಮೇಲ್ಮುಖವಾಗಿರಬೇಕು. ಹೆಬ್ಬೆರಳಿನ ಉಗುರಿನ ಮೇಲೊಂದು ನಗುಮುಖ ಬರೆದು, ಆ ಮುಖ ತನ್ನನ್ನೇ ನೋಡುತ್ತಿರಬೇಕೆಂದು ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಪ್ರಶ್ನೆ: ನಮ್ಮ ಮಕ್ಕಳು ಹಿಮವನ್ನು ಕಂಡೇ ಇಲ್ಲ. ಚಳಿಗಾಲವೆಂದರೆ ಹಿಮ, ಹಿಮದ ಮನುಷ್ಯ, ಪೆಂಗ್ವಿನ್ ಎಂದು ಮಾಡಿಸುವುದು ನನಗೆ ಏಕೋ ಸರಿಕಾಣುವುದಿಲ್ಲ. ಬೇರೆ ಏನು ಮಾಡಿಸಬಹುದು?

ಉತ್ತರ: ನಿಮ್ಮ ಅನಿಸಿಕೆಯಲ್ಲಿ ಹುರುಳಿದೆ. ಕಾಣದ ಹಿಮವನ್ನು ಮಾಡಬಾರದೆಂದೇನೂ ಇಲ್ಲ, ಮಕ್ಕಳು ಕಾಣದ ಆನೆಯನ್ನೂ ಹಡಗನ್ನೂ ಸಂತೋಷದಿಂದ ಬರೆಯುತ್ತಾರೆ. ಆದರೆ ತಮ್ಮ ಮೈಗೆ ತಾಕಿದ ಚಳಿಯನ್ನು ಕಾಗದಕ್ಕೆ ತಂದಾಗ ಅವರು ಮಾತಾಡುವ ಮಾತೇ ಬೇರೆ.

ಮಂಜಿನಿಂದ ಪ್ರಾರಂಭಿಸಿ. ಒಂದು ಹಾಳೆಯ ಮೇಲೆ ಕಪ್ಪು ಬಳಪದಿಂದ ದೂರದ ಬೆಟ್ಟ ಬರೆಯಿಸಿ, ಅದರ ಮೇಲೆ ಒಂದು ಟ್ರೇಸಿಂಗ್ ಹಾಳೆ ಹಾಸಿ, ಬೆಟ್ಟ ಮಸುಕಾಗುತ್ತದೆ. ಆ ಹಾಳೆಯ ಮೇಲೆ ಮರ ಬರೆಯಿಸಿ, ಇನ್ನೊಂದು ಟ್ರೇಸಿಂಗ್ ಹಾಳೆ ಹಾಸಿ. ಮರ ಮಸುಕಾಗುತ್ತದೆ, ಬೆಟ್ಟ ಇನ್ನೂ ಮಸುಕಾಗುತ್ತದೆ. ಎಲ್ಲಕ್ಕಿಂತ ಮೇಲಿನ ಹಾಳೆಯ ಮೇಲೆ ಮಗು ತನ್ನನ್ನೇ ಬರೆದುಕೊಳ್ಳಲಿ. ಹಾಳೆಗಳ ಮೇಲಂಚನ್ನು ಮಾತ್ರ ಅಂಟಿಸಿಟ್ಟರೆ ಮಗು ಅವನ್ನು ಒಂದೊಂದಾಗಿ ಎತ್ತಿ ಮಂಜನ್ನು ತಾನೇ ಸರಿಸುತ್ತದೆ. ಈ ಕೆಲಸಕ್ಕೆ ಕತ್ತರಿ ಬೇಕಿಲ್ಲ, ನಾಲ್ಕು ವರ್ಷದವರಿಗೂ ಒಪ್ಪುತ್ತದೆ.

ಎಲೆಯುದುರಿದ ಮರ ಇನ್ನೊಂದು. ಕಂದು ಬಣ್ಣದ ಪೊಟ್ಟಣದ ಕಾಗದವನ್ನು ತೆಗೆದುಕೊಂಡು, ಮೇಲಿನ ಅರ್ಧವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಕೆಳಗಿನ ಅರ್ಧವನ್ನು ಬಟ್ಟೆ ಹಿಂಡಿದಂತೆ ತಿರುಚಿದರೆ ಕಾಂಡವಾಗುತ್ತದೆ. ಪಟ್ಟಿಗಳನ್ನು ಎರಡೆರಡಾಗಿ ತಿರುಚಿದರೆ ಕೊಂಬೆಗಳಾಗುತ್ತವೆ. ಇದನ್ನು ಕಿಟಕಿಯ ಬಳಿ ನಿಲ್ಲಿಸಿ, ಮಧ್ಯಾಹ್ನದ ನೆರಳನ್ನು ಕೆಳಗಿನ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಗುರುತಿಸಿ, ಹಾಳೆಯನ್ನು ಎತ್ತಿಡಿ. ಚಳಿಗಾಲದಲ್ಲಿ ಸೂರ್ಯ ಆಕಾಶದಲ್ಲಿ ತಗ್ಗಿಕೊಂಡೇ ಸಾಗುವುದರಿಂದ ನೆರಳು ಉದ್ದವಾಗಿ ಬೀಳುತ್ತದೆ. ಕೆಲವು ತಿಂಗಳ ನಂತರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ಗುರುತಿಸಿದಾಗ ನೆರಳು ಕುಗ್ಗಿರುವುದನ್ನು ಮಗು ತನ್ನ ಕಣ್ಣಿನಿಂದಲೇ ಕಾಣುತ್ತದೆ.

ಪೆಂಗ್ವಿನ್ ಮಾಡಿಸುವುದೇ ಆದರೆ ನಿಜವಾದ ಅಳತೆಯಲ್ಲಿ ಮಾಡಿಸಿ ಎಂಬುದು ನನ್ನ ಸಲಹೆ. ಎಂಪರರ್ ಪೆಂಗ್ವಿನ್ ಸುಮಾರು 115 ಸೆಂಟಿಮೀಟರ್ ಎತ್ತರವಿರುತ್ತದೆ, ಹೆಚ್ಚುಕಡಿಮೆ ಆರು ವರ್ಷದ ಮಗುವಿನಷ್ಟು. ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ, ಮಗುವನ್ನು ಅದರ ಪಕ್ಕ ಮಲಗಿಸಿ ಎತ್ತರ ಗುರುತಿಸಿಕೊಂಡು, ಹೊಟ್ಟೆಗೆ ಬಿಳಿ, ಬೆನ್ನಿಗೆ ಕಪ್ಪು ಕಾಗದದ ಚೂರುಗಳನ್ನು ಅಂಟಿಸುತ್ತ ಹೋಗಿ. ಅಪ್ಪ ಪೆಂಗ್ವಿನ್ ಎರಡು ತಿಂಗಳಿಗೂ ಹೆಚ್ಚು ಕಾಲ ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು ಕಾವು ಕೊಡುತ್ತದೆಂದು ಹೇಳಿ, ಕಾಗದದ ಉಂಡೆಯೊಂದನ್ನು ಪಾದಗಳ ಮೇಲಿಟ್ಟುಕೊಂಡು ನಡೆಯಲು ಮಕ್ಕಳಿಗೆ ಬಿಡಿ. ಒಂದು ಎಚ್ಚರಿಕೆ: ಆ ಚಿತ್ರದಲ್ಲಿ ಹಿಮಕರಡಿಯನ್ನು ಸೇರಿಸಬೇಡಿ. ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ, ಎಂಪರರ್ ಪೆಂಗ್ವಿನ್ ಇರುವುದು ದಕ್ಷಿಣದ ಅಂಟಾರ್ಕ್ಟಿಕಾದಲ್ಲಿ. ಕಾಡಿನಲ್ಲಿ ಹುಲಿ ಜಿಂಕೆಗಳು ಎದುರಾಗುವಂತೆ ಇವೆರಡೂ ಎದುರಾಗುವ ಸಂದರ್ಭವೇ ಇಲ್ಲ.

ಪ್ರಶ್ನೆ: ಮಗ ಮಾಡಿದ ಹಿಮದ ಮನುಷ್ಯನ ಕಣ್ಣು, ಗುಂಡಿಗಳೆಲ್ಲ ಎಲ್ಲೆಲ್ಲೋ ಅಂಟಿರುತ್ತವೆ. ಅವನು ಮಲಗಿದ ಮೇಲೆ ನಾನು ಸರಿಮಾಡಿ ಇಡುತ್ತೇನೆ. ಇದರಲ್ಲಿ ತಪ್ಪಿದೆಯೇ?

ಉತ್ತರ: ಇದೆ, ಮತ್ತು ಆ ತಪ್ಪನ್ನು ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಐದು ವರ್ಷದ ಹುಡುಗಿಯೊಬ್ಬಳು ಮಾಡಿದ ಹಿಮದ ಮನುಷ್ಯನ ನಾಲ್ಕು ಗುಂಡಿಗಳೂ ಎಡಗಡೆಯ ಅಂಚಿಗೆ ಸೇರಿಕೊಂಡಿದ್ದವು. ಅಂಟು ಹಸಿಯಾಗಿದ್ದಾಗಲೇ ಅವನ್ನು ನಡುವಿಗೆ ತಂದು ಸಾಲಾಗಿ ಕೂರಿಸಿದೆ. ಮರುದಿನ ಅವಳು ಅದರ ಮುಂದೆ ನಿಂತು, ‘ಇದು ಯಾರದು?’ ಎಂದು ಕೇಳಿದಳು. ನಿನ್ನದೇ ಎಂದಾಗ, ‘ನನ್ನದಕ್ಕೆ ಗಾಳಿ ಬೀಸುತ್ತಿತ್ತು’ ಎಂದಳು. ಆ ಬಲಗಡೆಯಿಂದ ಬೀಸಿದ ಗಾಳಿಯನ್ನು ನಾನು ನಿಲ್ಲಿಸಿಬಿಟ್ಟಿದ್ದೆ.

ಸರಿಮಾಡಬೇಕೆಂಬ ನಿಮ್ಮ ಕೈಯ ಆತುರಕ್ಕೆ ಬೇರೆ ಕೆಲಸ ಕೊಡಿ. ಪಕ್ಕದಲ್ಲಿ ಕುಳಿತು ನಿಮ್ಮದೇ ಒಂದು ಹಿಮದ ಮನುಷ್ಯನನ್ನು ಮಾಡಿ, ನಿಮಗೆ ಬೇಕಾದಷ್ಟು ಅಚ್ಚುಕಟ್ಟಾಗಿ. ಮಗನಿಗೆ ಮೊದಲೇ ಮಾದರಿ ತೋರಿಸದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಮಾದರಿ ಕಂಡ ಮಗು ತನ್ನ ಕೈಯ ಕೆಲಸವನ್ನು ಅದರೊಂದಿಗೆ ತೂಗಿ ನೋಡಿ ಸೋತೆನೆಂದುಕೊಳ್ಳುತ್ತದೆ. ‘ಚೆನ್ನಾಗಿದೆ’ ಎಂಬ ಒಂದೇ ಮಾತಿನ ಬದಲು ‘ಇವನ ಕಣ್ಣು ಯಾವ ಕಡೆ ನೋಡುತ್ತಿದೆ?’ ಎಂದು ಕೇಳಿ ನೋಡಿ.

ಪ್ರಶ್ನೆ: ಯಾವ ಅಂಟು ಒಳ್ಳೆಯದು? ಮಾಡಿದ್ದನ್ನು ಕಿಟಕಿಗೆ ಹಚ್ಚಿ ಆಮೇಲೆ ಎತ್ತಿಡುವುದು ಹೇಗೆ?

ಉತ್ತರ: ತೆಳು ಹಾಳೆಗೆ ಗ್ಲೂ ಸ್ಟಿಕ್ ಸಾಕು. ಬಿಳಿಯ ದ್ರವ ಅಂಟಿನಲ್ಲಿ ನೀರು ಹೆಚ್ಚಿರುವುದರಿಂದ ಕಾಗದದ ನಾರು ಉಬ್ಬಿ ಹಾಳೆ ಸುಕ್ಕಾಗುತ್ತದೆ, ಒಂದು ಬದಿಗೆ ಸುರುಳಿಯಾಗುತ್ತದೆ. ರಟ್ಟು ಮತ್ತು ಹತ್ತಿ ಅಂಟಿಸಲು ಅದು ಬೇಕು. ಅದನ್ನು ಸೀಸೆಯಿಂದ ಹಿಂಡಲು ಬಿಡದೆ, ಮುಚ್ಚಳದಲ್ಲಿ ಒಂದು ಚಮಚದಷ್ಟು ಸುರಿದು, ಹತ್ತಿ ಸುತ್ತಿದ ಕಡ್ಡಿಯಿಂದ ಚುಕ್ಕೆ ಚುಕ್ಕೆಯಾಗಿ ಇಡಲು ಕಲಿಸಿ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಮಣಿ, ಗುಂಡಿ, ಪ್ಲಾಸ್ಟಿಕ್ ಕಣ್ಣುಗಳಂಥ ಸಣ್ಣ ವಸ್ತುಗಳು ಮೇಜಿನ ಮೇಲೆ ಬೇಡವೇ ಬೇಡ, ಅವು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕಾಗದದ ಉರುಟು ಚೂರುಗಳೇ ಕಣ್ಣಾಗಲಿ. ಸ್ಟೇಪ್ಲರ್ ಪಿನ್ನನ್ನೂ ದೂರವಿಡಿ.

ಕಿಟಕಿಗೆ ಹಚ್ಚುವಾಗ ಬಿಳಿ ಹಾಳೆಯ ಹರಳುಗಳನ್ನೇ ಆರಿಸಿ, ಬಣ್ಣದ ಹಾಳೆ ಬಿಸಿಲಿಗೆ ಬೇಗ ಮಾಸುತ್ತದೆ. ತುದಿಗಳಿಗೆ ಟೇಪ್ ಹಚ್ಚಿದರೆ ಕೀಳುವಾಗ ತೋಳೇ ಹರಿದುಬರುತ್ತದೆ. ಆದ್ದರಿಂದ ನಟ್ಟನಡುವೆ, ಹಿಂಬದಿಯಲ್ಲಿ, ಟೇಪಿನ ಒಂದು ಸಣ್ಣ ಸುರುಳಿ ಇಟ್ಟರೆ ಸಾಕು. ತೆಗೆದ ಮೇಲೆ ದಪ್ಪ ಪುಸ್ತಕದ ನಡುವೆ ಒಂದು ರಾತ್ರಿ ಒತ್ತಿಟ್ಟು, ಚಪ್ಪಟೆಯಾದ ಮೇಲೆ ಕಡತದಲ್ಲಿಡಿ. ಹಿಂಬದಿಯ ಮೂಲೆಯಲ್ಲಿ ದಿನಾಂಕವನ್ನೂ ಮಗುವಿನ ವಯಸ್ಸನ್ನೂ ಬರೆದಿಡಿ, ಪೆನ್ಸಿಲ್ಲಿನಲ್ಲೇ. ಸ್ಕೆಚ್ ಪೆನ್ನಿನ ಶಾಯಿ ತೆಳು ಹಾಳೆಯ ಮುಂಬದಿಗೂ ಇಳಿಯುತ್ತದೆ.